ಬೇಡಮ್ಮನ ಕಣ್ಣುಪಟ್ಟಿ

ಮೈಸೂರಿನ ಕುಂಬಾರಕೊಪ್ಪಲಿನ ಕೊನೆಯ ಸಾಲು ಮನೆಗಳ ಹಿಂದೆ ತಗಡಿನ ಶೀಟು ಹೊದಿಸಿದ ಒಂದು ಲಾಯವಿದೆ. ಇನ್ನೂ ಬೆಳಕು ಹರಿದಿಲ್ಲ. ಅಮಲದಾಸ್ ಸೈಕಲ್ಲನ್ನು ಗೇಟಿಗೆ ಒರಗಿಸಿ, ಚಪ್ಪಲಿ ಎಳೆಯುತ್ತಾ ಒಳಗೆ ಬರುತ್ತಾರೆ. ಸರಕ್, ಸರಕ್. ಅವರ ಕಾಲಿಗೆ ಏನೂ ಆಗಿಲ್ಲ. ಬರುತ್ತಿರುವುದು ಯಾರು, ಯಾವ ಕಡೆಯಿಂದ ಎಂಬುದು ಒಳಗಿರುವ ಜೀವಕ್ಕೆ ಮೊದಲೇ ಗೊತ್ತಾಗಲಿ ಎಂದು ಮಾಡುವ ಸದ್ದು ಅದು.

ಒಳಗಿರುವುದು ಒಂದು ಕಂದು ಹೆಣ್ಣು ಕುದುರೆ. ಅದರ ಎರಡೂ ಕಣ್ಣುಗಳ ಪಕ್ಕದಲ್ಲಿ ಚರ್ಮದ ಮರೆ ಇದೆ. ಅಕ್ಕಪಕ್ಕದ ವಾಹನ ಕಂಡು ಬೆದರದಿರಲಿ ಎಂದು ಟಾಂಗಾ ಕುದುರೆಗೆ ಕಟ್ಟುವ ಕಣ್ಣುಪಟ್ಟಿ. ಅಮಲದಾಸ್ ಬೇಯಿಸಿದ ಹುರುಳಿಯ ಬಕೆಟ್ಟನ್ನು ಮುಂದಿಡುತ್ತಾರೆ. ಕುದುರೆ ತಲೆ ಬಗ್ಗಿಸಿದಾಗ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂರುತ್ತಾರೆ. ಮೊಬೈಲಿನ ಬೆಳಕಿನಲ್ಲಿ ಎರಡೂ ಮರೆಗಳ ಅಂಚಿನಿಂದ ಅರ್ಧ ಬೆರಳಗಲ ಚರ್ಮ ಕೊಯ್ದು ತೆಗೆಯುತ್ತಾರೆ. ಬೆಳಕು ಮೂಡುವುದರೊಳಗೆ ಅದನ್ನು ಮತ್ತೆ ಕಟ್ಟಿಯಾಗಬೇಕು.

ಇದು ವಾರಕ್ಕೊಮ್ಮೆಯ ಕೆಲಸ. ಮೊದಲು ಅಂಗೈಯಗಲ ಇದ್ದ ಮರೆ ಈಗ ಹೆಬ್ಬೆರಳಷ್ಟು ಉಳಿದಿದೆ.

"ಕತ್ತಲಲ್ಲಿ ಹೆದರೋಕೆ ಏನೂ ಕಾಣಲ್ಲ. ಬೆಳಕಾದ ಮೇಲೆ ಹೋದ ವಾರಕ್ಕಿಂತ ಚೂರೇ ಚೂರು ಜಾಸ್ತಿ ಪ್ರಪಂಚ ಕಾಣ್ಬೇಕು. ಒಂದೇ ಸಲಕ್ಕೆ ಎಲ್ಲಾ ತೋರಿಸ್ಬುಟ್ರೆ ತಡ್ಕೊಳಲ್ಲ ಕಣ್ರೀ," ಎನ್ನುತ್ತಾರೆ ಅವರು.

ಈ ಮಾತನ್ನು ಅವರು ಕಲಿತದ್ದು ತಮ್ಮದೇ ತಪ್ಪಿನಿಂದ.

ಅಮಲದಾಸ್‌ಗೆ ಅರವತ್ತು ದಾಟಿದೆ. ಲಷ್ಕರ್ ಮೊಹಲ್ಲಾದಲ್ಲಿ ಒಂದು ಅಂಗಡಿಯ ಮೆಟ್ಟಿಲ ಪಕ್ಕ ಅವರ ಜಾಗ. ತಂದೆಯೂ ಅಲ್ಲೇ ಕೂತು ಟಾಂಗಾ ಕುದುರೆಗಳ ಲಗಾಮು, ಎದೆಪಟ್ಟಿ, ಕಣ್ಣುಪಟ್ಟಿ ಹೊಲಿಯುತ್ತಿದ್ದರು. ಟಾಂಗಾಗಳು ಕಡಿಮೆಯಾದವು. ಈಗ ದಬ್ಬಳ ಅದೇ, ಕೆಲಸ ಬೇರೆ: ಶಾಲೆ ಮಕ್ಕಳ ಬ್ಯಾಗಿನ ಜಿಪ್, ಬೆಲ್ಟು, ಚಪ್ಪಲಿಯ ಅಂಗುಷ್ಠ. ಕುದುರೆ ಸಾಕುವ ಯೋಚನೆ ಅವರಿಗೆ ಯಾವತ್ತೂ ಇರಲಿಲ್ಲ.

ದಸರಾ ಮುಗಿದ ಮರುವಾರ ಈ ಲಾಯದಿಂದ ಕರೆ ಬಂತು. ಕೈಬಿಟ್ಟ ಜಾನುವಾರುಗಳಿಗೆಂದು ನಾಲ್ಕೈದು ಜನ ಸೇರಿ ನಡೆಸುವ ಜಾಗ ಇದು. ಉದಯಗಿರಿಯ ಆಚೆ ರಿಂಗ್ ರಸ್ತೆಯ ಬದಿಯಲ್ಲಿ ಒಂದು ಕುದುರೆ ಕುಂಟುತ್ತಾ ನಿಂತಿತ್ತಂತೆ. ಯಾರೂ ನಮ್ಮದೆಂದು ಬಂದಿರಲಿಲ್ಲ. ತಂದು ಕಟ್ಟಿದ್ದರು. ಅದರ ಮುಖದ ಪಟ್ಟಿ ಬಿಚ್ಚಲು ಚರ್ಮದ ಕೆಲಸ ಗೊತ್ತಿರುವವರು ಬೇಕಿತ್ತು. ಎಷ್ಟು ಕಾಲದಿಂದ ಬಿಚ್ಚಿರಲಿಲ್ಲವೋ, ಕೆನ್ನೆಯ ಚರ್ಮದೊಳಗೆ ಪಟ್ಟಿ ಹೂತುಹೋಗಿ ಮೇಲೆ ಕೂದಲು ಬೆಳೆದಿತ್ತು.

ಅಮಲದಾಸ್ ಬಗ್ಗಿ ನೋಡಿದರು. ಅಂಚಿನಲ್ಲಿ ಜೋಡಿ ಹೊಲಿಗೆ, ಮೂಲೆಯಲ್ಲಿ ಒಳಗೆ ತಿರುಗಿಸಿದ ಗಂಟು. ಮೈಸೂರಿನಲ್ಲಿ ಹಾಗೆ ಗಂಟು ಮುಚ್ಚುತ್ತಿದ್ದವರು ಇಬ್ಬರೇ. ಒಬ್ಬರು ತೀರಿಕೊಂಡ ಅವರ ತಂದೆ.

"ನಾನೇ ಹೊಲಿದಿದ್ದು. ತಪ್ಪು ಮಾಡ್ಬುಟ್ಟೆ ಅಂತ ಅನ್ನಿಸ್ಲಿಲ್ಲ. ಬಸ್ಸು ಲಾರಿ ಮಧ್ಯೆ ಓಡೋ ಪ್ರಾಣಿಗೆ ಅದು ಬೇಕು. ಒಳ್ಳೆ ಟಾಂಗಾದೋರು ಸಂಜೆ ಮನೆಗೆ ಹೋದ ತಕ್ಷಣ ಮೊದಲು ಅದನ್ನೇ ಬಿಚ್ಚೋರು, ಆಮೇಲೆ ತಾವು ನೀರು ಕುಡಿಯೋರು. ಇದನ್ನ ಯಾರೋ ಬಿಚ್ಚೇ ಇಲ್ಲ. ಹೊಲಿಗೆ ಮಾತ್ರ ಒಂದೂ ಬಿಟ್ಟಿರ್ಲಿಲ್ಲ ನೋಡಿ. ಅಷ್ಟು ಗಟ್ಟಿಯಾಗಿ ಹೊಲಿದಿದ್ದೆ."

ಅದನ್ನು ನೋಡಿದ ಮೇಲೆ ಅಂದು ಅಂಗಡಿಗೆ ವಾಪಸ್ ಹೋಗಲಾಗಲಿಲ್ಲವಂತೆ.

ಕುದುರೆಯ ಹಿಂದಿನ ಎಡಗಾಲಿನ ಗೊರಸು ಬೆಳೆದು ಸೊಟ್ಟಗಾಗಿ ಒಳಗೆ ಕೊಳೆತಿತ್ತು. ಪಶುವೈದ್ಯೆ ಡಾ. ಸಂಘಮಿತ್ರ ಅರಿವಳಿಕೆ ಔಷಧಿ ಕೊಟ್ಟು ಗೊರಸು ಕತ್ತರಿಸಿ ಸ್ವಚ್ಛ ಮಾಡಿದರು. ಅದೇ ಹೊತ್ತಿನಲ್ಲಿ ಅಮಲದಾಸ್ ಕೆನ್ನೆಯ ಪಟ್ಟಿ ಬಿಡಿಸಿದರು. ಎಲ್ಲ ಮುಗಿದ ಮೇಲೆ ಕುದುರೆ ಏಳಲು ಮಧ್ಯಾಹ್ನವಾಯಿತು. ಅದರ ಎದೆಬಡಿತ ಸರಿ ಇಲ್ಲ, ಇನ್ನೊಮ್ಮೆ ಅರಿವಳಿಕೆ ಕೊಟ್ಟರೆ ಏಳುತ್ತದೆಂಬ ಭರವಸೆ ತಮಗಿಲ್ಲ ಎಂದು ಡಾಕ್ಟರ್ ಅಂದೇ ಹೇಳಿದರು. ಪಟ್ಟಿಯನ್ನು ಸದ್ಯಕ್ಕೆ ಸಡಿಲವಾಗಿ ಮತ್ತೆ ಕಟ್ಟಬೇಕು, ಅವಸರ ಬೇಡ ಎಂದೂ ಹೇಳಿ ಹೋದರು.

ಅಮಲದಾಸ್ ಕಟ್ಟಲಿಲ್ಲ. ತಾನು ಹೊಲಿದದ್ದನ್ನು ತಾನೇ ಬಿಚ್ಚಿದ ಸಮಾಧಾನ ಅವರಿಗೆ. ಇನ್ನು ಇದು ಆರಾಮಾಗಿ ನೋಡಿಕೊಂಡಿರಲಿ ಎಂದುಕೊಂಡರು.

ಮಾರನೆಯ ಬೆಳಿಗ್ಗೆ, ಮಂಪರು ಪೂರ್ತಿ ಇಳಿದ ಮೇಲೆ, ಕುದುರೆ ಹಿಂದೆ ಒಣಗುತ್ತಿದ್ದ ಸೀರೆಯನ್ನು ಕಂಡಿತು, ಬೀದಿಯಲ್ಲಿ ಹೋದ ಹಾಲಿನ ಗಾಡಿಯನ್ನು ಕಂಡಿತು, ತನ್ನದೇ ಬಾಲವನ್ನು ಕಂಡಿತು. ಬೇಲಿಗೆ ಎದೆ ಕೊಟ್ಟು ನುಗ್ಗಿತು. ತಂತಿ ಎದೆಯ ಮಾಂಸವನ್ನು ಸೀಳಿತು. ಹಿಡಿಯಲು ಹೋದ ಅಮಲದಾಸ್ ಉದ್ದಕ್ಕೂ "ಬೇಡಮ್ಮ, ಬೇಡಮ್ಮ" ಎನ್ನುತ್ತಲೇ ಇದ್ದರಂತೆ. ಕುದುರೆಗೆ ಆ ಹೆಸರೇ ಉಳಿಯಿತು. ಕೊನೆಗೆ ಅದು ತಣ್ಣಗಾದದ್ದು ಯಾರೋ ಆ ಹಳೆಯ ಕಣ್ಣುಪಟ್ಟಿಯನ್ನು ತಂದು ಕಟ್ಟಿದಾಗ.

"ಡಾಕ್ಟ್ರಮ್ಮ ಬಂದು ಎದೆಗೆ ಹೊಲಿಗೆ ಹಾಕಿದ್ರು. ನನ್ನ ಮುಖ ಒಂದ್ಸಲ ನೋಡಿ ಹೊರಟ್ರು. ಬೈದುಬಿಟ್ಟಿದ್ರೆ ಚೆನ್ನಾಗಿತ್ತು."

ಆಗ ಶುರುವಾದದ್ದು ಈ ಚೂರು ಚೂರು ಕೊಯ್ಯುವ ಕೆಲಸ. ಚರ್ಮದ ಬಾರುಗಳ ಬದಲು ಹತ್ತಿಯ ಬಟ್ಟೆಯ ಪಟ್ಟಿ ಮಾಡಿ, ಮರೆಗಳನ್ನು ಮಾತ್ರ ಹಳೆಯವನ್ನೇ ಉಳಿಸಿಕೊಂಡರು. ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತಾ ಬಂದರು. ದಿನಾ ಅಂಗಡಿಗೆ ಮುಂಚೆ ಬಂದು ಹುರುಳಿ ಇಡುವುದು, ಗರಿಕೆ ಹಾಕುವುದು, ಸಗಣಿ ಬಾಚುವುದು, ಬಾಗಿಲಲ್ಲಿ ತೋಡಿದ ಗುಂಡಿಗೆ ಔಷಧಿ ನೀರು ತುಂಬುವುದು. ಕಾಲು ಮುಟ್ಟಲು ಬಿಡದ ಕುದುರೆ ಆ ಗುಂಡಿಯನ್ನು ದಾಟಿದರೆ ಗೊರಸಾದರೂ ನೆನೆಯುತ್ತದೆ. ಉಳಿದಂತೆ ಸುಮ್ಮನೆ ಪಕ್ಕದಲ್ಲಿ ಕೂರುವುದು. ಕುದುರೆ ಅಗಿಯುವ ಸದ್ದು, ದೂರದಲ್ಲೊಂದು ನೀರಿನ ಮೋಟಾರು, ಅಷ್ಟೇ.

ಹಿಂದಿನಿಂದ ಯಾರು ಬಂದರೂ ಬೇಡಮ್ಮ ಒದೆಯುತ್ತಿತ್ತು. ಅದರ ಬೆನ್ನ ಹಿಂದೆ ಇಷ್ಟು ಕಾಲ ಇದ್ದದ್ದು ಚಾಟಿ ಮಾತ್ರ. ಹಾಗಾಗಿ ಈ ಚಪ್ಪಲಿ ಎಳೆಯುವ ನಡಿಗೆ. ಅದು ಈಗ ಅವರಿಗೆ ಅಭ್ಯಾಸವಾಗಿದೆ. ಅವರ ಹೆಂಡತಿ ಅಂತೋಣಿಯಮ್ಮ ನಗುತ್ತಾರೆ: "ಮನೇಲೂ ಹಂಗೇ ಎಳ್ಕೊಂಡು ಬರ್ತಾರೆ. ಯಾಕ್ರೀ, ನಾನೇನು ಒದೀತೀನಾ ಅಂತ ಕೇಳ್ದೆ. ಚರ್ಚಲ್ಲಿ ಪೂಜೆ ನಡೀವಾಗ ಹಿಂದಿಂದ ಸರಕ್ ಅಂದ್ರೆ ಸಾಕು, ಎಲ್ಲರಿಗೂ ಗೊತ್ತು ಯಾರು ಲೇಟು ಅಂತ."

ಹೋದ ತಿಂಗಳು ಗೊರಸು ಮತ್ತೆ ವಾಸನೆ ಹೊಡೆಯಿತು. ಗುಂಡಿಯ ನೀರು ಸಾಲದು, ಒಳಗಿನದನ್ನು ಕೆತ್ತಿ ತೆಗೆಯಲೇಬೇಕು ಎಂದರು ಡಾಕ್ಟರ್. ಅರಿವಳಿಕೆ ಕೊಡುವಂತಿಲ್ಲ. ಕುದುರೆ ತಾನಾಗಿ ಕಾಲು ಎತ್ತಿ ಕೊಡಬೇಕು. ಕೊಳೆತದ್ದು ಮೂಳೆಯವರೆಗೆ ತಲುಪಿದ್ದರೆ ಮಾತ್ರ, ನೋವಿನಲ್ಲಿ ನಿಲ್ಲಿಸುವ ಬದಲು ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವುದೇ ಕರುಣೆ ಎಂದು ಅವರು ನೇರವಾಗಿಯೇ ಹೇಳಿದರು. ಅಮಲದಾಸ್ ಎರಡು ವಾರದ ಗಡುವು ಕೇಳಿಕೊಂಡರು. ಆ ಎರಡು ವಾರ ಇಂದಿಗೆ ಮುಗಿದಿದೆ.

ಬಿಸಿಲು ತಗಡಿನ ಮೇಲೆ ಬೀಳುವಾಗ ಡಾ. ಸಂಘಮಿತ್ರ ಬರುತ್ತಾರೆ. ಜೊತೆಗೆ ಲಾಳ ಕಟ್ಟುವ ಚೆಲುವರಾಜು. ಹಿಂದೊಮ್ಮೆ ಇದರ ಕಾಲು ಹಿಡಿಯಲು ಹೋಗಿ ಒದೆಸಿಕೊಂಡವರು ಇವರೇ.

"ಹೋದ ಸಲ ನನ್ನ ತೊಡೆ ಮೇಲೆ ಅಚ್ಚು ಒತ್ತವ್ಳೆ ಅಣ್ಣ. ಇವತ್ತು ಹಲ್ಲು ಹೋದ್ರೆ ನಿಮ್ಮ ದಬ್ಬಳದಲ್ಲೇ ಹೊಲಿದು ಕೊಡ್ಬೇಕು," ಎಂದು ಚೀಲ ಇಳಿಸುತ್ತಾರೆ.

ಅಮಲದಾಸ್ ನಗುವುದಿಲ್ಲ. ಚಪ್ಪಲಿ ಎಳೆಯುತ್ತಾ ಕುದುರೆಯ ಕುತ್ತಿಗೆಯ ಬಳಿ ನಿಂತು ಅಂಗೈ ಇಡುತ್ತಾರೆ. ಕೈಯನ್ನು ತೆಗೆಯದೆ ಬೆನ್ನಿನ ಮೇಲೆ, ಸೊಂಟದ ಮೇಲೆ, ತೊಡೆಯ ಮೇಲೆ ಜಾರಿಸುತ್ತಾ ಹಿಂದಕ್ಕೆ ಹೋಗುತ್ತಾರೆ. ಬೇಡಮ್ಮ ತಲೆ ತಿರುಗಿಸುತ್ತದೆ. ಹೆಬ್ಬೆರಳಷ್ಟು ಚರ್ಮದ ಆಚೆಯಿಂದ ಅದರ ಕಣ್ಣು ಉದ್ದಕ್ಕೂ ಅವರನ್ನೇ ನೋಡುತ್ತಿದೆ. ಡಾಕ್ಟರ್ ಕೈಕಟ್ಟಿ ನಿಂತಿದ್ದಾರೆ.

ಅಂಗೈ ಮಂಡಿಯ ಕೆಳಗೆ ಬಂದು ನಿಲ್ಲುತ್ತದೆ. ಅಮಲದಾಸ್ ಒತ್ತುವುದಿಲ್ಲ, ಎತ್ತುವುದಿಲ್ಲ. ಕಾಲು ನಡುಗುತ್ತದೆ. ಸ್ವಲ್ಪ ಮೇಲೆ ಬರುತ್ತದೆ, ಮತ್ತೆ ನೆಲಕ್ಕೆ ಬೀಳುತ್ತದೆ. ಅವರು ಕೈ ತೆಗೆಯದೆ ಹಾಗೇ ಬಗ್ಗಿ ನಿಂತಿದ್ದಾರೆ. ಆಮೇಲೆ, ಯಾರೂ ಏನೂ ಮಾಡದೆ, ಗೊರಸು ಅವರ ಅಂಗೈಯೊಳಗೆ ಬಂದು ಕೂರುತ್ತದೆ.

ಚೆಲುವರಾಜು ಕೆತ್ತುತ್ತಾರೆ. ಕಪ್ಪಗೆ ಕೊಳೆತದ್ದು ಕೆಳಗೆ ಬೀಳುತ್ತದೆ, ನಾತಕ್ಕೆ ಮುಖ ತಿರುಗಿಸುವಂತಾಗುತ್ತದೆ. ಕೆತ್ತಿದಂತೆ ಕೆಳಗೆ ಬಿಳಿಯ ಗಟ್ಟಿ ಪದರ ಕಾಣುತ್ತದೆ. ಡಾಕ್ಟರ್ ಮಂಡಿಯೂರಿ ಕೂತು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಇನ್ನೊಮ್ಮೆ ಒತ್ತುತ್ತಾರೆ. ಔಷಧಿ ತುಂಬಿ ಬಟ್ಟೆ ಸುತ್ತುತ್ತಾರೆ.

"ಮೂಳೆಗೆ ಹೋಗಿಲ್ಲ. ಹೀಗೇ ದಿನಾ ಕಾಲು ಕೊಟ್ರೆ ಮಳೆಗಾಲದ ಹೊತ್ತಿಗೆ ಹೊಸ ಗೊರಸು ಬರತ್ತೆ. ಆ ಇಂಜೆಕ್ಷನ್ ಮಾತು ಇನ್ನು ಬೇಡ ದಾಸಣ್ಣ."

ಅಮಲದಾಸ್ ಇನ್ನೂ ಕಾಲು ಹಿಡಿದೇ ಇದ್ದಾರೆ. "ಹಂಗಾದ್ರೆ ಇಳಿಸ್ಲಾ ಡಾಕ್ಟ್ರಮ್ಮ?" ಎಂದು ಕೇಳುತ್ತಾರೆ. ಎಲ್ಲರೂ ನಕ್ಕ ಮೇಲೆ ಅವರೂ ನಗುತ್ತಾರೆ. ನಗುತ್ತಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ತುಂಬ ಹೊತ್ತು.

ಮುಂದೇನು ಆಸೆ ಎಂದು ಕೇಳಿದರೆ ಕುದುರೆಯ ಮುಖ ತೋರಿಸುತ್ತಾರೆ. "ಆವತ್ತು ಬೇಲಿಗೆ ನುಗ್ಗಿದ ಮೇಲೆ ಇದರ ಪೂರ್ತಿ ಮುಖ ನಾನು ಹಗಲಲ್ಲಿ ನೋಡೇ ಇಲ್ಲ. ಬಿಚ್ಚೋದೆಲ್ಲಾ ಕತ್ತಲಲ್ಲಿ. ಒಂದಿನ ಅಂಗಡಿ ಮುಚ್ಬುಟ್ಟು, ಮಧ್ಯಾಹ್ನ ಬಿಸಿಲಲ್ಲಿ ಬಿಚ್ಬೇಕು. ಅಂತೋಣಿಯಮ್ಮನ್ನೂ ಕರ್ಕೊಂಡು ಬರ್ಬೇಕು."

ಕೈಗೆ ಅಂಟಿದ ಗಲೀಜು ತೊಳೆಯಲು ಅವರು ನಲ್ಲಿಯ ಬಳಿ ಹೋಗುತ್ತಾರೆ. ಚಪ್ಪಲಿ ಬಿಟ್ಟು ಕಾಲನ್ನೂ ತೊಳೆಯುತ್ತಾರೆ. ಅಲ್ಲಿಂದ ಒಂದು ಹೊರೆ ಗರಿಕೆ ಎತ್ತಿಕೊಂಡು, ಹತ್ತಿರದ ದಾರಿಯೆಂದು ಕುದುರೆಯ ಹಿಂದಿನಿಂದಲೇ ಹಾದು ಬರುತ್ತಾರೆ, ಬರಿಗಾಲಿನಲ್ಲಿ, ಸದ್ದಿಲ್ಲದೆ. ಉಪಕರಣ ತುಂಬುತ್ತಿದ್ದ ಚೆಲುವರಾಜು ಅವರ ಕೈ ಚೀಲದಲ್ಲೇ ನಿಂತುಬಿಡುತ್ತದೆ.

ಬೇಡಮ್ಮನ ಕಿವಿ ಒಮ್ಮೆ ಹಿಂದಕ್ಕೆ ತಿರುಗಿ ಮುಂದಕ್ಕೆ ಬರುತ್ತದೆ. ಬಕೆಟ್ಟಿನ ತಳದಲ್ಲಿ ಉಳಿದ ಹುರುಳಿ ಅಗಿಯುವುದು ನಿಲ್ಲುವುದಿಲ್ಲ.

ಗರಿಕೆ ಹಾಕಿದ ಮೇಲೆ ಅಮಲದಾಸ್‌ಗೆ ನಲ್ಲಿಯ ಬಳಿ ತಮ್ಮ ಚಪ್ಪಲಿ ಕಾಣುತ್ತದೆ. ಚಪ್ಪಲಿಯನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡುತ್ತಾರೆ.

"ಇವತ್ತಿಂದ ಮನೇಲಿ ಮೆತ್ತಗೆ ನಡೀಬೋದು," ಎನ್ನುತ್ತಾರೆ.