ದೊಡ್ಡಮ್ಮನ ಬೆಸುಗೆಯನ್ನೂ ಎಳೆದು ನೋಡಿ

ಬೆಳಗಿನ ಆರು ಗಂಟೆ. ಕಾಲೇಜಿನ ವರ್ಕ್‌ಶಾಪಿನ ಕಿಟಕಿಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಪೊರಕೆ ಮೂಲೆಗಿಟ್ಟು, ಕೈ ತೊಳೆದು, ದೊಡ್ಡಮ್ಮ ಬೆಂಚಿನ ಮುಂದೆ ಕೂರುತ್ತಾರೆ. ಬೆಸುಗೆ ಕಡ್ಡಿ ಕಾಯುವಷ್ಟು ಹೊತ್ತು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ರಾಳದ ವಾಸನೆ ಬಂದಾಗ ಕಣ್ಣು ಬಿಡುತ್ತಾರೆ. ಬಿಟ್ಟರೂ ಮುಚ್ಚಿದರೂ ಅವರಿಗೀಗ ಹೆಚ್ಚು ವ್ಯತ್ಯಾಸವಿಲ್ಲ.

ಎದುರಿಗೆ ರೋಬೋಟ್ ತಂಡದ ಆರು ಮಂದಿ.

"ಕಣ್ಣು ಮುಚ್ಚಿ ತಂತಿ ಎಳೀರಿ. ಬೆಸುಗೆ ಅಂದ್ರೆ ನೆಂಟಸ್ತನ ಇದ್ದ ಹಾಗೆ. ಎಳೆದಾಗ್ಲೇ ಗಟ್ಟಿನೋ ಪೊಳ್ಳೋ ಗೊತ್ತಾಗೋದು."

"ಹಂಗಾದ್ರೆ ನಮ್ಮ ಮಾವನ್ನೂ ಒಂದ್ಸಲ ಎಳೆದು ನೋಡ್ಲಾ ದೊಡ್ಡಮ್ಮ?"

"ಮೊದ್ಲು ನಿಂದು ನೋಡ್ಕೋ ಮಾರಾಯ. ಬೆಸುಗೆ ಹಾಕು ಅಂದ್ರೆ ಉಂಡೆ ಕಟ್ಟಿದ್ದೀಯ."

ಹಾಜರಿ ಪುಸ್ತಕದಲ್ಲಿ ಇವರು ಕಸ ಗುಡಿಸುವವರು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ದಿನಕ್ಕೆ ಒಂಬೈನೂರು ಬೆಸುಗೆ ಹಾಕಿದ ಕೈ. ಕಾರ್ಖಾನೆ ಮುಚ್ಚಿದ ವರ್ಷವೇ ಗಂಡನೂ ಹೋದರು. ಇಲ್ಲಿ ಗುಡಿಸುತ್ತಿದ್ದಾಗ ಒಂದು ದಿನ, ಮಕ್ಕಳು ತಂತಿ ಕಾಯಿಸದೆ ಬರೀ ಸೀಸ ಸುರಿಯುವುದನ್ನು ನೋಡಲಾರದೆ ಕಡ್ಡಿ ಕಸಿದುಕೊಂಡರು. ಅಂದಿನಿಂದ ಕಲಿಸುತ್ತಾ ಹನ್ನೊಂದು ವರ್ಷವಾಯಿತು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಎಳೆದು ನೋಡಬೇಕು ಎಂಬ ಕಟ್ಟಳೆ ಅವರದೇ. ಅವರು ಹಾಕಿದ್ದನ್ನು ಮಾತ್ರ ಯಾರೂ ಎಳೆಯುತ್ತಿರಲಿಲ್ಲ. ಕಲಿಸಿದ ಕೈಯನ್ನೇ ಪರೀಕ್ಷಿಸುವುದುಂಟೆ?

ಅಲ್ಲೇ ಎಡವಿದ್ದು. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ವೈದ್ಯರು ಹೇಳಿದ್ದರು. ಬೆಂಚು ಕೈತಪ್ಪೀತೆಂದು ದೊಡ್ಡಮ್ಮ ಬಾಯಿ ಬಿಡಲಿಲ್ಲ. ಹೋದ ವರ್ಷ ಸ್ಪರ್ಧೆಯ ಹಿಂದಿನ ದಿನ ಮೋಟಾರಿನ ತಂತಿಗೆ ತಾವೇ ಬೆಸುಗೆ ಹಾಕಿದರು. ಗಟ್ಟಿ ಬೆಸುಗೆ ಹೊಳೆಯುತ್ತದೆ, ಪೊಳ್ಳು ಮಂಕಾಗಿರುತ್ತದೆ. ಅವರಿಗೆ ಎರಡೂ ಒಂದೇ ಆಗಿ ಕಂಡವು. ಮರುದಿನ ಅಂಕಣದ ನಡುವೆ ಆ ತಂತಿ ಕಳಚಿ ರೋಬೋಟ್ ನಿಂತುಬಿಟ್ಟಿತು. ತಂತಿಯ ಹೊಣೆ ತಂಡದ ನಾಯಕಿಯದು. ಎಲ್ಲರ ಬೈಗುಳವೂ ಅವಳ ತಲೆಗೇ ಬಿತ್ತು. ಆ ಹುಡುಗಿ ತಂಡ ಬಿಟ್ಟಳು.

ದೊಡ್ಡಮ್ಮ ಅವಳ ಮನೆ ಬಾಗಿಲಿಗೆ ಹೋಗಿ ನಿಜ ಹೇಳುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

"'ಎರಡು ತಿಂಗಳು ಸುಮ್ಮನಿದ್ರಲ್ಲ ದೊಡ್ಡಮ್ಮ' ಅಂದ್ಲು. ಬಾಗಿಲು ಹಾಕ್ಕೊಂಡ್ಲು. ಬೈದಿದ್ರೆ ನಿದ್ದೆನಾದ್ರೂ ಬರ್ತಿತ್ತು."

ಅದಾದ ಮೇಲೆ ತಂಡದ ಮುಂದೆಯೂ ತಪ್ಪು ಒಪ್ಪಿಕೊಂಡರು. ಈಗ ಕಲಿಸುವುದೆಲ್ಲ ಬೆರಳಿನಿಂದ. ಇವತ್ತು ಎಂಟು ಬೆಸುಗೆ ಹಾಕಿ, ಬೇಕೆಂದೇ ಒಂದನ್ನು ಪೊಳ್ಳು ಮಾಡಿ, ಹೊಸದಾಗಿ ಸೇರಿದ ಹುಡುಗಿಯ ಮುಂದೆ ತಟ್ಟೆ ಸರಿಸುತ್ತಾರೆ.

"ನೀವು ಹಾಕಿರೋದಲ್ವಾ?" ಅವಳ ಕೈ ಹಿಂದೆ ಸರಿಯುತ್ತದೆ.

"ಅದಕ್ಕೇ ಕಣೇ ಎಳೀಬೇಕಾದ್ದು."

ಆರನೆಯ ತಂತಿ ಅವಳ ಕೈಗೇ ಬಂದುಬಿಡುತ್ತದೆ. ಹುಡುಗಿ ನಾಲಗೆ ಕಚ್ಚಿಕೊಳ್ಳುತ್ತಾಳೆ. ದೊಡ್ಡಮ್ಮ ಆ ತಂತಿಯನ್ನು ತಡವಿ ಹುಡುಕಿ, ಸೆರಗಿನಲ್ಲಿ ಒರೆಸಿ, ಮತ್ತೆ ತಟ್ಟೆಗಿಡುತ್ತಾರೆ.

ನಿಮ್ಮ ಆಸೆಯೇನು ಎಂದು ಕೇಳಿದರೆ, ಬಾಗಿಲ ಕಡೆಗೆ ಮುಖ ತಿರುಗಿಸುತ್ತಾರೆ.

"ಇವರು ಕಲೀತಾರೆ, ದೇವರಿದ್ದಾನೆ. ತಂಡ ಬಿಟ್ಟು ಹೋದ್ಲಲ್ಲ, ಆ ಹುಡುಗಿ ಒಂದ್ಸಲ ಬಂದು ನನ್ನ ಬೆಸುಗೆ ಎಳೀಲಿ. ಬಿಟ್ಕೊಂಡ್ರೆ ಬೈಲಿ. ಬಿಟ್ಕೊಳ್ದಿದ್ರೂ ಬೈಲಿ."