ನಾನು ಅಳಿಸಿದ ಪುಟ

ಆ ಪುಟ ಅಳಿಸಿದ್ದು ನಾನೇ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಬೆಳಿಗ್ಗೆ ಫೋನಿನಲ್ಲಿ ತುಂಬಿಕೊಂಡ ಶುಭೋದಯದ ಚಿತ್ರಗಳನ್ನು ಅಳಿಸುತ್ತಿದ್ದಾಗ ಹೆಬ್ಬೆರಳು ತಾನಾಗಿಯೇ ನಿಂತಿತು. ಎಲ್ಲ ನೆನಪಾಯಿತು.

ಸವಿತಾ ನನ್ನ ತಂಗಿ. ಮದ್ದೂರಿಗೆ ಕೊಟ್ಟಿದ್ದೇವೆ. ದಿನಾ ಬಸ್ಸಿನಲ್ಲಿ ಬಂದು ಬಂಡೂರಿನ ಪಕ್ಕದ ನಮ್ಮೂರಿನ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು. ಹೋದ ವರ್ಷ ಅವಳು ಆರನೇ ಕ್ಲಾಸಿನ ಮಕ್ಕಳಿಂದ ನಮ್ಮ ಸೀಮೆಯ ಕುರಿಗಳ ಬಗ್ಗೆ ಒಂದು ಪುಸ್ತಕ ಮಾಡಿಸಿದಳು. ಕಾಗದದ್ದಲ್ಲ, ಶಾಲೆಯ ಟ್ಯಾಬಿನಲ್ಲಿ ತೆರೆಯುವಂಥದ್ದು. ಫೋಟೊ ಹಾಕುವುದು, ಹಿರಿಯರ ಮಾತು ರೆಕಾರ್ಡ್ ಮಾಡಿ ಸೇರಿಸುವುದು, ಒಬ್ಬರು ಬರೆದದ್ದರ ಪಕ್ಕ ಇನ್ನೊಬ್ಬರು ಪ್ರಶ್ನೆ ಕೇಳುವುದು, ಎಲ್ಲ ಮಕ್ಕಳದೇ. ಟೀಚರು ಹಿಂದಿನ ಬೆಂಚಿನಲ್ಲಿ. ಪಾಠ ಹೇಳದ ಟೀಚರಿಗೆ ಸಂಬಳ ಯಾಕೆ ಎಂದು ಅವಳನ್ನು ರೇಗಿಸಿದ್ದೆ.

"ಅಣ್ಣ, ಲಿಂಕ್ ಕಳ್ಸಿವ್ನಿ ನೋಡು. ತಪ್ಪಿದ್ರೆ ಅಳಿಸ್ಬೇಡ, ಪಕ್ಕದಲ್ಲಿ ಬರಿ" ಅಂದಳು.

"ನನ್ಗೇನ್ ಫೋನ್ ಗೊತ್ತಿಲ್ವಾ, ಬುಡು" ಅಂದೆ.

ಪೂಜಾ ಎಂಬ ಹುಡುಗಿಯ ಗುಂಪಿನ ಪುಟದಲ್ಲಿ ನನ್ನ ಟಗರಿನ ಫೋಟೊ ಇತ್ತು. ಕೆಳಗೆ 'ನಂಜಪ್ಪನವರ ಟಗರು' ಎಂದಿತ್ತು. ನಂಜಪ್ಪ ಪಕ್ಕದ ಮನೆಯವನು. ನನಗೆ ಮೈ ಉರಿಯಿತು. ಪಕ್ಕದಲ್ಲಿ ಬರೆದರೆ ನನ್ನ ಕಾಗುಣಿತ ಮಕ್ಕಳಿಗೆ ಕಾಣುತ್ತದಲ್ಲ ಎಂದು ಅವನ ಹೆಸರನ್ನೇ ಅಳಿಸಲು ಹೋದೆ. ಒತ್ತಿ ಹಿಡಿದೆ, ಪುಟವೆಲ್ಲ ನೀಲಿಯಾಯಿತು. ಇನ್ನೇನೋ ಮುಟ್ಟಿದೆ, ಬಿಳಿಯಾಯಿತು. ಫೋಟೊ ಅಳಿಸಿದರೆ ನಮ್ಮ ಫೋನಿನಿಂದ ಮಾತ್ರ ಹೋಗುವುದಿಲ್ಲವೇ, ಇದೂ ಹಾಗೇ ಅಂದುಕೊಂಡು ಜೇಬಿಗಿಟ್ಟೆ.

ಮಾರನೆಯ ದಿನ ಊಟಕ್ಕೆ ಕೂತ ಸವಿತಾ, "ಯಾರೋ ಒಂದ್ ಪುಟ ಪೂರ್ತಿ ಅಳ್ಸಾಕವ್ರೆ. ಕಡೇಲಿ ಟ್ಯಾಬ್ ಇದ್ದಿದ್ದು ಪೂಜನ್ ಕೈಲಿ" ಅಂದಳು.

ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. "ಮಕ್ಕಳ ಕೈಗೆ ಕೊಟ್ರೆ ಇನ್ನೇನಾದದು" ಎಂದೂ ಸೇರಿಸಿದೆ.

ಅವಳು ಟ್ಯಾಬನ್ನು ಬೀರುವಿನಲ್ಲಿಟ್ಟು ಮತ್ತೆ ಬೋರ್ಡಿನ ಮೇಲೆ ನೋಟ್ಸು ಬರೆಯತೊಡಗಿದಳು. ಹದಿನೈದು ದಿನ ಹೀಗೇ ಹೋಯಿತು.

ಒಂದು ಸಂಜೆ ನಾಲೆಯ ಹತ್ತಿರ ಪೂಜಾ ಸಿಕ್ಕಳು. ಯಾಕವ್ವ ಸಪ್ಪಗಿದ್ದೀಯ ಎಂದೆ.

"ಪುಟ ನಾನೇ ಅಳ್ಸಿರ್ಬೇಕು ಕಣ್ ಮಾವ. ಮೊದ್ಲು ಇಲ್ಲ ಅಂತಿದ್ದೆ. ಎಲ್ರೂ ಅಂದ್ ಮೇಲೆ ನಂಗೂ ಅಂಗೇ ಅನ್ನಿಸ್ತದೆ."

ಮಾಡದ ತಪ್ಪನ್ನು ಆ ಮಗು ತನ್ನದೇ ಎಂದು ಒಪ್ಪಿಕೊಳ್ಳುತ್ತಿತ್ತು. ಮಾಡಿದವನು ಎದುರಿಗೇ ನಿಂತಿದ್ದೆ. ಕುರಿ ಹೊಡೆದುಕೊಂಡು ಮನೆಯ ಕಡೆ ನಡೆದೆ.

ಆಮೇಲೆ ಸವಿತಾ ಮಂಡ್ಯದ ತರಬೇತಿಯಲ್ಲಿ ಅಳಿಸಿಹೋದದ್ದನ್ನು ವಾಪಸು ತರುವುದನ್ನು ಕಲಿತು ಬಂದಳು. ಈಗ ಮಕ್ಕಳು ಬರೆಯುತ್ತಿದ್ದಾರೆ, ಪಕ್ಕದಲ್ಲಿ ನಾನೂ ತಪ್ಪುತಪ್ಪಾಗಿ ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು, ಪೂಜಾ ಸಿಕ್ಕಿದ ಮಾರನೆಯ ಬೆಳಿಗ್ಗೆ, ನಾನು ಶಾಲೆಗೆ ಹೋದೆ. ತಂಗಿಯನ್ನು ಹೊರಗೆ ಕರೆದು ಹೇಳಿಬಿಡುವುದು ಎಂದಿದ್ದೆ. ಆದರೆ ಆ ಹುಡುಗಿಯ ಮೇಲೆ ತಪ್ಪು ಹೊರಿಸಿದ್ದು ಎಲ್ಲರ ಎದುರಿಗಲ್ಲವೇ? ಒಳಗೇ ಹೋದೆ. ಮಕ್ಕಳೆಲ್ಲ ಎದ್ದು ನಿಂತರು.

"ಏನಣ್ಣ, ಇಲ್ಲಿಗ್ ಬಂದೆ?" ಎಂದಳು ಸವಿತಾ.

"ಕೂತ್ಕಳಿ ಮಕ್ಳೆ. ಪುಟ ಅಳ್ಸಿದ್ದು ಪೂಜ ಅಲ್ಲ, ನಾನು. ಗೊತ್ತಿದ್ದೂ ಸುಮ್ಕಿದ್ದೆ. ಸವಿತಾ, ನಿನ್ ಮುಂದೆ ಕೂತು ಉಂಡ್ಕಂಡೇ ಮುಚ್ಚಿಟ್ಟೆ, ತಪ್ಪಾಯ್ತು. ಪೂಜ, ನಿಂದೇನೂ ಇಲ್ಲ ಕಣವ್ವ. ನಂದು ತಪ್ಪಾಯ್ತು."