ನಿಂಬಿಹಣ್ಣಿನ ಗೋದಾಮಿನ ಸರ್ಕಸ್ಸು

ನಾನು ತೌಸಿಫ. ಇಂಡಿ ಬಸ್‌ಸ್ಟ್ಯಾಂಡ್ ಎದುರಿಗೆ ನಿಲ್ಲೋ ಕ್ರೂಜರ್ ಗಾಡಿಗೋಳೊಳಗ ಹಿಂದಿನ ಬಾಗಲಾ ಸರಿಯಾಗಿ ಮುಚ್ಚದ ಗಾಡಿ ನಂದು. ಮದುವಿ, ಸತ್ತವರ ಮಣ್ಣು, ದವಾಖಾನಿ, ಎಲ್ಲಾದಕ್ಕೂ ಹೋಗೇನಿ. ಈಗ ವರ್ಷಾತು, ಒಂದು ಸರ್ಕಸ್ ಕಂಪನಿ ಹೊತ್ಕೊಂಡು ತಿರಗಾಕತ್ತೇನಿ ಅಂದ್ರ ನಮ್ಮ ಸ್ಟ್ಯಾಂಡಿನವರು ನಗ್ತಾರ. ನಗಲಿ ಬಿಡ್ರಿ. ಒಂದೊಂದು ದಿನ ನನಗೂ ಸಾಕಾಗಿ ಹೋಗೇತಿ. ಸಾಕಾಗಿದ್ದು ಹುಡುಗೂರಿಂದ ಅಲ್ಲ, ಮಂದಿಯಿಂದ.

ಕಂಪನಿ ಅಂದ್ರ ಡೇರೆ, ಆನಿ, ಒಂಟಿ ಅಂತ ತಿಳೀಬ್ಯಾಡ್ರಿ. ಒಂಬತ್ತು ಹುಡುಗೂರು, ಎರಡು ಗಾದಿ, ಒಂದು ಚೀಲ ನಿಂಬಿಹಣ್ಣು, ಇಷ್ಟ. ಹುಡುಗೂರೊಳಗ ಒಬ್ಬಗ ಕಿವಿ ಕೇಳಂಗಿಲ್ಲ, ಒಬ್ಬಾಕಿಗೆ ಕಣ್ಣು ಮಸಕು, ಒಬ್ಬಗ ಹೇಳಿದ ಮಾತು ತಲಿಗೆ ಹೋಗೂದು ಸಾವಕಾಶ, ಒಬ್ಬಾಕಿಗೆ ಕಾಲಿಲ್ಲ. ಉಳದವು ಕೈಕಾಲು ನೆಟ್ಟಗಿರೋವು, ನನ್ನ ಮಗಳು ತಬಸ್ಸುಮ್‌ನಂಥಾವು. ಇಂಥಾವರದು ಈ ಸಾಲು, ಅಂಥಾವರದು ಆ ಸಾಲು ಅನ್ನೋದಿಲ್ಲ, ಎಲ್ಲಾರದೂ ಒಂದ ಆಟ. ಇವರನ್ನ ಕೂಡಿಸಿದಾಂವ ಸಿದ್ದರಾಯಣ್ಣ, ನಿಂಬಿಹಣ್ಣಿನ ಗೋದಾಮಿನ ವಾಚ್‌ಮನ್. ನಾ ಹೇಳಾಕ ಹೊಂಟಿದ್ದು ಅವನ ಸುದ್ದಿನ.

ಸಿದ್ದರಾಯಣ್ಣ ಸಿಂದಗಿ ತಾಲೂಕಿನ ಕನ್ನೊಳ್ಳಿಯಾಂವ, ಕುರಿ ಕಾಯೋ ಮನಿತನ. ಮೀಸಿ ಚಿಗರೋ ವಯಸ್ಸಿನಾಗ ಸಿಂದಗಿಗೆ ಬಂದ ಸರ್ಕಸ್ ನೋಡಾಕ ಹೋದಾಂವ, ಅದು ಊರು ಬಿಡೋ ಮುಂದ ಅದರ ಲಾರಿನ ಹತ್ತಿಬಿಟ್ಟ. ಅಲ್ಲಿ ಜೋಕಾಲಿ ಮ್ಯಾಲಿಂದ ಹಾರಾಂವ ಆಗಲಿಲ್ಲ, ಹಿಡಿಯಾಂವ ಆದ. ಮೊಣಕಾಲು ಸಿಗಿಸಿ ತಲಿ ಕೆಳಗ ಮಾಡಿ ಜೋತುಬಿದ್ದು, ಆ ಕಡೆಯಿಂದ ಹಾರಿ ಬರೋರ ಕೈ ಹಿಡಿಯೋ ಕೆಲಸ. ಮಂದಿ ಹಾರೋರನ್ನ ನೋಡ್ತಾರ, ಹಿಡಿಯೋನ ಮಾರಿ ಯಾರಿಗೂ ನೆನಪಿರಂಗಿಲ್ಲ. ಹಿಡದು ಹಿಡದು ಅವನ ಬಲ ಹೆಗಲು ಕೆಟ್ಟು ಹೋತು. ಕೊರೋನಾದಾಗ ಸರ್ಕಸ್ ಮುಚ್ಚಿದ ಮ್ಯಾಲೆ ಊರಿಗೆ ಬಂದ. ಊರಾಗ ಅಣ್ಣತಮ್ಮರು ಉಂಡಿಯಾ ಅಂತ ಕೇಳಿದ್ರು, ಇರ್ತೀಯಾ ಅಂತ ಕೇಳಲಿಲ್ಲ. ಇಂಡಿಗೆ ಬಂದು ಗೋದಾಮು ಕಾಯಾಕ ನಿಂತ.

ಗೋದಾಮಿನಾಗ ಹೆಣ್ಮಕ್ಕಳು ನಿಂಬಿಹಣ್ಣು ಆರಸ್ತಾರ. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಕೊಳತದ್ದು ಹೊರಗ. ಅವರೊಳಗ ತಿಪ್ಪವ್ವ ಅಂತ ಒಬ್ಬಾಕಿ, ಲಚ್ಯಾಣದಿಂದ ಬರ್ತಾಳ. ಅಕಿ ಮಗಳು ಭಾಗ್ಯಜ್ಯೋತಿ. ಆ ಹುಡುಗಿಗೆ ಹುಟ್ಟಿನಿಂದ ಮೊಣಕಾಲಿನ ಕೆಳಗ ಕಾಲು ಬೆಳದಿಲ್ಲ. ತಿಪ್ಪವ್ವನ ಗಂಡ ಸೊಲ್ಲಾಪುರದಾಗ ದುಡಿಯಾಂವ, ಹಬ್ಬಕ್ಕ ಬಂದು ಹೋಗ್ತಾನ. ಮೊದಲಿಗೆ ಕನ್ನಡ ಸಾಲಿಗೆ, ಆಮ್ಯಾಲೆ ದವಾಖಾನಿಗೆ, ಈಗ ಗೋದಾಮಿಗೆ, ಎಲ್ಲಾ ಕಡೆ ತಾಯಿನ ಬಗಲಾಗ ಎತ್ಕೊಂಡು ಹೋಗೂದು. ಸರ್ಕಾರದವರು ಕೊಟ್ಟಿದ್ದ ಗಾಲಿ ಕುರ್ಚಿ ಅವರ ಓಣಿ ಕಲ್ಲಿಗೆ ಬಡದು ಲಗೂನ ಸೊಟ್ಟಾತು. ಹೊತ್ತು ಹೊತ್ತು ತಿಪ್ಪವ್ವನ ಎಡಗಡೆ ಟೊಂಕ ಹೊರಗ ಬಂದೈತಿ. ಮಗಳು ಬಗಲಾಗ ಇರಲಿ, ಬಿಡಲಿ, ಅಕಿ ನಿಲ್ಲೂದು ಹಂಗ ವಾಲಿನ.

ಮಧ್ಯಾಹ್ನದಾಗ ಕೆಲಸ ಇಲ್ಲದ ಸಿದ್ದರಾಯಣ್ಣ ನಿಂಬಿಹಣ್ಣು ಮ್ಯಾಲೆ ಮ್ಯಾಲೆ ಹಾರಿಸಿ ಹಿಡಕೋತ ಕುಂದರ್ತಿದ್ದ. ಒಂದಿನ ಏನೂ ಹೇಳದ ಕೇಳದ ಒಂದು ಹಣ್ಣು ಭಾಗ್ಯಜ್ಯೋತಿ ಕಡೆ ಒಗದ. ಚೀಲದ ಮ್ಯಾಲೆ ಕುಂತಿದ್ದಾಕಿ ಟಪ್ಪನ ಹಿಡದ್ಲು. ಮತ್ತೊಂದು ಒಗದ, ಅದನ್ನೂ ಹಿಡದ್ಲು. ಆಮ್ಯಾಲೆ ಅಕಿ ಚೀಲದ ಮ್ಯಾಲಿಂದ ಇಳದು ಕೈಯೂರಿ ಅವನ ಹತ್ರ ಹೋದಾಗ ಅಂವ ನೋಡಿದ್ದು ಅಕಿ ಕಾಲು ಅಲ್ಲ, ಹೆಗಲು. ಮನಿಯೊಳಗ ಸಣ್ಣಾಕಿ ಇದ್ದಾಗಿಂದ ಕೈ ಮ್ಯಾಲೆ ನಡದ ಹುಡುಗಿ ಅದು, ಹೆಗಲು ಅಂದ್ರ ಹೆಗಲು. ತಿಪ್ಪವ್ವಗ ಅಂವ ಹೇಳಿದ್ದು ಇಷ್ಟ, ನಿನ್ನ ಮಗಳು ಹಿಡಿಯಾಕಿ ಆಗ್ತಾಳ ಅಂತ. ತಿಪ್ಪವ್ವಗ ಏನೂ ತಿಳೀಲಿಲ್ಲ, ಹೂಂ ಅಂದ್ಲು. ಇಡೀ ದಿನ ಹಣ್ಣು ಆರಿಸಿ ದಣದಾಕಿ, ಯಾರು ಏನಂದ್ರೂ ಹೂಂ ಅಂತಿದ್ಲು.

ಹಿಂಗ ಶುರುವಾಗಿದ್ದು ಸರ್ಕಸ್ಸು. ಒಬ್ಬರಿಗೊಬ್ಬರು ಹೇಳಿ ಹುಡುಗೂರು ಕೂಡಿದ್ವು. ಆಟ ನೋಡಾಕ ಹೋದ ನನ್ನ ಮಗಳು ಮನಿಗೆ ಬರೂದ ಬಿಟ್ಲು. ಗಾಡಿ ಬಾಡಿಗಿ ಕೊಡಾಕ ಒಂದು ಸಂಸ್ಥೆಯವರು ಒಪ್ಪಿದ್ರು. ಸಿದ್ದರಾಯಣ್ಣ ಮಾತು ಕಡಿಮಿ ಮನಶಾ, ಆದ್ರ ಒಂದು ಕಾಯಿದೆ ಮಾತ್ರ ಎಲ್ಲಾರಿಗೂ ಬಾಯಿಪಾಠ ಮಾಡಿಸಿದ್ದ. ಒಬ್ಬರ ಹೆಗಲ ಮ್ಯಾಲೆ ಒಬ್ಬರು ನಿಲ್ಲೋ ಆಟದಾಗ ತಳದಾಗ ಇರೋರ ಮಾತ ಕಡೀ ಮಾತು. ತಳದಾಕಿ ‘ಏರು’ ಅಂದ್ರ ಏರಬೇಕು, ‘ಇಳಿ’ ಅಂದ್ರ ಇಳೀಬೇಕು. ಅಕಿ ಅನ್ನೋತನಕ ಮ್ಯಾಲಿನವರು ಅಲ್ಲಾಡೂಹಂಗಿಲ್ಲ. ಸರ್ಕಸ್ಸಿನಾಗೂ ಹಂಗ ಅಂತ, ಹಿಡಿಯಾಂವ ಕೂಗಿದ ಮ್ಯಾಲೆನ ಹಾರಾಂವ ಕೈ ಬಿಡಬೇಕು. ಜೀವಮಾನ ಎಲ್ಲಾ ಯಾರೂ ಭಾಗ್ಯಜ್ಯೋತಿನ್ನ ಕೇಳಿ ಎತ್ತಿದವರಲ್ಲ, ಕೇಳಿ ಇಳಿಸಿದವರಲ್ಲ. ಈಗ ತಳದಾಗ ಅಕಿ, ಅಕಿ ಏರು ಅಂದ್ರ ಏರ್ತಾರ. ಮೊದಲ ಸಲ ತಬಸ್ಸುಮ್ ಅಕಿ ಹೆಗಲ ಮ್ಯಾಲೆ ನೆಟ್ಟಗ ನಿಂತ ದಿನ, ಅಕಿ ‘ಇಳಿ’ ಅನ್ನಾಕ ಸುಮ್ಮ ಸುಮ್ಮನ ತಡಾ ಮಾಡಿದ್ಲು. ಖುಷಿ ಆಗಿತ್ತರಿ ಅಕಿಗೆ.

ಇಂಡ್ಯಾಗ ಆಡಿದ್ವಿ, ಸಿಂದಗ್ಯಾಗ ಆಡಿದ್ವಿ, ಛಲೋ ಆತು. ಕೆಟ್ಟದ್ದು ಮುದ್ದೇಬಿಹಾಳದಾಗ.

ಯಾವುದೋ ಸಂಘದ ಕಾರ್ಯಕ್ರಮ. ವೇದಿಕಿ ಮ್ಯಾಲೆ ಕುರ್ಚಿ, ಕುರ್ಚಿ ಮ್ಯಾಲೆ ದೊಡ್ಡ ಮಂದಿ, ಮೇಜಿನ ಮ್ಯಾಲೆ ಶಾಲು, ಹಾರ. ಭಾಷಣಕ್ಕ ಕಾದು ಕಾದು ಹುಡುಗೂರು ನಿದ್ದಿ ತೂಗಾಕತ್ತಿದ್ವು. ಕಡೀಕ ನಮ್ಮ ಆಟ ಬಂತು. ನಡುವ ಭಾಗ್ಯಜ್ಯೋತಿ ಕುಂತಾಳ, ಆ ಕಡೆ ಈ ಕಡೆ ಇಬ್ಬರು, ಅಕಿ ಹೆಗಲ ಮ್ಯಾಲೆ ತಬಸ್ಸುಮ್ ಏರಿ ಎರಡೂ ಕೈ ಅಗಲ ಮಾಡಿ ನಿಂತಾಳ. ಮುಂದಿನ ಕುರ್ಚ್ಯಾಗ ಬಿಳಿ ಅಂಗಿಯವರು ಒಬ್ಬರು ಇದ್ರು. ಅವರಿಗೆ ಭಾಗ್ಯಜ್ಯೋತಿಯ ಕಾಲು ಕಂಡುವು. ಕನಿಕರ ಉಕ್ಕಿ ಬಂತು. ಕೆಟ್ಟ ಮನಶಾ ಅಲ್ಲ ಅಂವ, ಅದ ತ್ರಾಸು. ಶಾಲು ಕೈಯಾಗ ಹಿಡಕೊಂಡ ಓಡಿ ಬಂದ್ರು. ಕಾಲಿಲ್ಲದ ಕೂಸಿನ ಮ್ಯಾಲೆ ನಿಲ್ಲಸ್ತೀರೇನು ಅಂತ ಒದರಕೋತ, ತಳದಾಕಿಯ ಎರಡೂ ಬಗಲಿಗೆ ಕೈ ಹಾಕಿ ಎತ್ತೇಬಿಟ್ರು.

“ಬಿಡ್ರಿ, ಮ್ಯಾಲೆ ಹುಡುಗಿ ಐತಿ!” ಅಂತ ಭಾಗ್ಯಜ್ಯೋತಿ ಚೀರಿದ್ಲು. ಯಾರು ಕೇಳಬೇಕು?

ತಬಸ್ಸುಮ್ ಹಿಂದಕ್ಕ ಬಿದ್ಲು. ಗಾದಿ ಇದ್ದದ್ದು ಮುಂದ. ಸಿದ್ದರಾಯಣ್ಣ ಹೆಂಗ ಅಲ್ಲಿಗೆ ಮುಟ್ಟಿದ, ಖುದಾಗ ಗೊತ್ತು. ಕೆಟ್ಟ ಹೆಗಲಿನ ಕೈಯಿಂದನ ಹಿಡದ. ಹಸಿ ಕಬ್ಬು ಮುರದಂಗ ಸಪ್ಪಳ ಆತು, ಅದು ನನ್ನ ಮಗಳದಲ್ಲ ಅಂತ ತಿಳಿಯೋತನಕ ನನ್ನ ಜೀವ ನನ್ನ ಕೈಯಾಗ ಇರಲಿಲ್ಲ. ಅಂವ ಕೂಸನ್ನ ಸಾವಕಾಶ ನೆಲಕ್ಕ ನಿಲ್ಲಿಸಿ, ಆಮ್ಯಾಲೆ ತಾ ಕುಂತ. ಮಂದಿ ಯಾರಿಗೆ ಬೈದ್ರು ಅಂತೀರಿ? ಅವನಿಗೆ. ಹೆಳವಿ ಹುಡುಗಿನ್ನ ತಳಕ್ಕ ಹಾಕ್ಯಾನ, ಹೊಟ್ಟಿಪಾಡಿಗೆ ಏನೇನ ಮಾಡ್ತಾನ ಅಂತ. ಬಿಳಿ ಅಂಗಿಯವರು ಕಣ್ಣೀರು ಒರಸಿಕೋತ ಭಾಗ್ಯಜ್ಯೋತಿಗೆ ಆ ಶಾಲು ಹೊದಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಅಕಿ ನೆಲಾ ನೋಡಕೋತ ಕುಂತಿದ್ಲು. ಆ ಶಾಲು ನನ್ನ ಗಾಡ್ಯಾಗ ಬಿಟ್ಟು ಇಳದ್ಲು. ಈಗ ಅದರಿಂದ ನಾನು ಗಾಡಿ ಗಾಜು ಒರಸ್ತೇನಿ.

ಸಿದ್ದರಾಯಣ್ಣನ ಕೈಗೆ ಪಟ್ಟಿ ಸುತ್ತಿ ಕೊಳ್ಳಿಗೆ ಕಟ್ಟಿದ ಡಾಕ್ಟರು, ಇನ್ನ ಈ ಕೈಯಿಂದ ಬಕೀಟ ಸೈತ ಎತ್ತಬ್ಯಾಡ ಅಂದ್ರು. ಆಟ ಮೊಬೈಲಿನಾಗ ಹಿಡದವರು ಇದ್ರಲ್ಲ, ಅದು ಊರೂರು ತಿರಗಿ ಲಚ್ಯಾಣಕ್ಕೂ ಬಂತು. ನೀರಿಗೆ ಹೋದಲ್ಲಿ, ಬಸ್ಸಿನಾಗ, ಕಂಡಕಂಡವರು ತಿಪ್ಪವ್ವನ್ನ ಕೇಳಾಕ ಹತ್ತಿದ್ರು, ತಾಯಿ ಆಗಿ ಹೆಂಗ ಮನಸ್ಸು ಬಂತು ಅಂತ. ಅಷ್ಟು ವರ್ಷ ಬಗಲಾಗ ಹೊತ್ತಾಗ ಒಬ್ಬರೂ ಒಂದು ಓಣಿ ಎತ್ಕೊಂಡು ಬಂದವರಲ್ಲ. ನಾನಾಗಿದ್ರ ನಾಲ್ಕು ಮಾತು ಅಂದು ಬರ್ತಿದ್ನಿ. ತಿಪ್ಪವ್ವ ಮಗಳನ್ನ ತಂದು ಮತ್ತ ಚೀಲದ ಮ್ಯಾಲೆ ಕುಂದ್ರಸಿ, ಇನ್ನ ಸಾಕು ಅಂದ್ಲು.

ಅಷ್ಟೊತ್ತಿಗೆ ಬಸವನ ಬಾಗೇವಾಡಿಯಿಂದ ಫೋನ್ ಬಂತು. ಮೊದಲ ಒಪ್ಪಿದ ಆಟ ಅದು. ಈಗ ಹೊಸ ಮಾತು. ಆ ಹುಡುಗಿನ್ನ ಮುಂದ ಕುರ್ಚ್ಯಾಗ ಕುಂದ್ರಸಿ ಕೈಯಾಗ ಬಾವುಟ ಕೊಡ್ರಿ, ತಳದಾಗ ಹಾಕೂದಾದ್ರ ಬರಬ್ಯಾಡ್ರಿ ಅಂದ್ರು. ಸಿದ್ದರಾಯಣ್ಣ ಬೈತಾನ ಅಂತ ನಾ ಕಾದ್ನಿ. ಅಂವ ಆತ್ರಿ ಅಂದು ಫೋನ್ ಇಟ್ಟ. ನನಗ ಸಿಟ್ಟು ಬಂದು, ಏನಪಾ ಇದು, ಬಾಯಿ ಸತ್ತೈತೇನು ನಿಂದು ಅಂದ್ನಿ.

“ನಾ ದಣದೇನಿ ತೌಸಿಫ,” ಅಂದ. “ಅಕಿ ಬೀಳಸಂಗಿಲ್ಲ, ನನಗ ಗೊತ್ತೈತಿ. ಆದ್ರ ಮಂದಿ ಬೀಳಸ್ತಾರ. ಆವಾಗ ಹಿಡಿಯಾಕ ನನ್ನ ಕಡೆ ಕೈ ಇಲ್ಲ.”

ಭಾಗ್ಯಜ್ಯೋತಿ ಅಲ್ಲೇ ಚೀಲದ ಮ್ಯಾಲೆ ಇದ್ಲು, ಎಲ್ಲಾ ಕೇಳಿಸಿಕೊಂಡ್ಲು. ಕುರ್ಚ್ಯಾಗ ಕುಂತು ಬಾವುಟ ಹಿಡಿಯೂದು ಅಂದ್ರ ಅಕಿ ಪಾಲಿಗೆ ಮತ್ತ ಬಗಲಿಗೆ ಏರಿದಂಗ. ಅದು ನನಗೂ ತಿಳೀತಿತ್ತು. ತಿಳದು ಏನು ಮಾಡೂದು, ಗಾಡಿ ಚಾಲು ಮಾಡಿ ಹೊಂಟ್ನಿ.

ಮರುದಿನ ಊಟದ ಹೊತ್ತು. ಆರಸೋ ಹೆಣ್ಮಕ್ಕಳು ಹೊರಗ ಗಿಡದ ನೆಳ್ಳಿಗೆ ಬುತ್ತಿ ಬಿಚ್ಚಿದ್ರು. ತಿಪ್ಪವ್ವ ಒಳಗ ಗೋಡಿಗೆ ಆತು ಕುಂತು ಮಗಳಿಗೆ ರೊಟ್ಟಿ ಮುರದು ಕೊಡಾಕತ್ತಿದ್ಲು. ನಾನು ತಬಸ್ಸುಮ್‌ನ್ನ ಕರಕೊಂಡು ಹೋಗಾಕ ಬಂದಿದ್ನಿ. ಭಾಗ್ಯಜ್ಯೋತಿ ರೊಟ್ಟಿ ಮುಟ್ಟಲಿಲ್ಲ. ಚೀಲದಿಂದ ಇಳದು, ಕೈಯೂರಿ ಗಾದಿ ಮ್ಯಾಲೆ ಹೋಗಿ ಕುಂತು, ಬೆನ್ನು ನೆಟ್ಟಗ ಮಾಡಿ, ತಾಯಿನ್ನ ಕರದ್ಲು.

“ಅವ್ವಾ, ಏರು.”

ತಿಪ್ಪವ್ವ ಹುಚ್ಚು ಹಿಡದೈತೇನು ನಿನಗ ಅಂದ್ಲು. ಕೂಸು ಏರೂದು ಬ್ಯಾರೆ, ದುಡದ ಹೆಣ್ಮಗಳು ಏರೂದು ಬ್ಯಾರೆ, ನನ್ನ ಭಾರ ನಿನಗೇನು ಗೊತ್ತು ಅಂದ್ಲು.

“ನನ್ನ ಭಾರ ನಿನಗ ಗೊತ್ತೈತಿ,” ಅಂದ್ಲು ಹುಡುಗಿ. “ನಿನ್ನ ಭಾರ ನನಗ ಗೊತ್ತಿಲ್ಲ. ಏರು.”

ತಿಪ್ಪವ್ವ ನನ್ನ ನೋಡಿದ್ಲು, ನಾ ನೆಲಾ ನೋಡಿದ್ನಿ. ಸಿದ್ದರಾಯಣ್ಣನ್ನ ನೋಡಿದ್ಲು. ಅಂವ ಕೊಳ್ಳಿಗೆ ಕೈ ಕಟಗೊಂಡು ಬಾಗಲದಾಗ ಕುಂತಿದ್ದ. ಎದ್ದು ಬಂದು, ಛಲೋ ಇದ್ದ ಕೈ ಅಕಿ ಮುಂದ ಚಾಚಿ, ತಳದಾಕಿ ಏರು ಅಂದಾಳವ್ವಾ ಅಂದ, ಅಷ್ಟ.

ತಿಪ್ಪವ್ವ ಸೀರಿ ಮ್ಯಾಲೆ ಸಿಗಿಸಿಕೊಂಡು, ಅಂಗಾಲಿನ ಧೂಳು ಸೆರಗಿಗೆ ಒರಸಿಕೊಂಡ್ಲು. ದೇವರ ಗುಡಿಗೆ ಹೋಗೋರಂಗ ಯಾಕ ಒರಸಿದ್ಲೋ ಏನೋ. ಒಂದು ಕಡೆ ನಾನು, ಒಂದು ಕಡೆ ಸಿದ್ದರಾಯಣ್ಣ ಹಿಡದು, ಮಗಳ ಹೆಗಲ ಮ್ಯಾಲೆ ಅಕಿನ್ನ ಕುಂದ್ರಸಿದ್ವಿ. ಆಮ್ಯಾಲೆ ಸಿದ್ದರಾಯಣ್ಣ ಕೈ ತಗದ. ನನಗೂ ತಗಿ ಅಂತ ಕಣ್ಣಿಲೇ ಹೇಳಿದ. ಭಾಗ್ಯಜ್ಯೋತಿ ಕೊಳ್ಳಾಗಿನ ನರ ಉಬ್ಬಿದ್ವು, ಉಸಿರು ಬಿಗಿಯಾತು, ಒಂದು ಘಳಿಗಿ ಅಲ್ಲಾಡಿದ್ಲು. ಮತ್ತ ಗಟ್ಟಿ ಕುಂತ್ಲು. ಎರಡೂ ಕೈಯಿಂದ ತಾಯಿ ಕಾಲು ಹಿಡಕೊಂಡ್ಲು. ತಿಪ್ಪವ್ವನ ಪಾದ ನೆಲಾ ಬಿಟ್ಟಿದ್ವು. ವಾಲಿದ ಅಕಿ ಟೊಂಕ ಮೊದಲ ಸಲ ನೆಟ್ಟಗ ಕಂಡಿತ್ತು ನನಗ.

ಭಾರಾತೇನು ಅಂತ ತಿಪ್ಪವ್ವ ಕೇಳಿದ್ಲು. ಸುಮ್ಮ ಕುಂದರು ಅಂದ್ಲು ಮಗಳು.

ಆಗ ತಿಪ್ಪವ್ವ ಅತ್ಲು. ಮುದ್ದೇಬಿಹಾಳದ ಸುದ್ದಿ ಕೇಳಿ ಅಳಲಿಲ್ಲ, ಲಚ್ಯಾಣದ ಮಂದಿ ಮಾತಿಗೆ ಅಳಲಿಲ್ಲ, ಇಲ್ಲಿ ಮಗಳ ತಲಿ ಮ್ಯಾಲೆ ಗದ್ದ ಇಟ್ಟು ಅತ್ಲು. ಅತ್ತು ಆದ ಮ್ಯಾಲೆ ಮಾರಿ ಒರಸಿಕೊಂಡು, ಸಿದ್ದರಾಯಣ್ಣಗ ಹೇಳಿದ್ಲು.

“ಬಾಗೇವಾಡಿಗೆ ಫೋನ್ ಹಚ್ರಿ ಅಣ್ಣಾರ. ನನ್ನ ಮಗಳು ತಳದಾಗ ಇದ್ರ ಬರ್ತೇವಿ, ಇಲ್ಲಂದ್ರ ಇಲ್ಲ ಅಂತ ಹೇಳ್ರಿ. ಯಾರರ ಎತ್ತಾಕ ಬಂದ್ರ ನಾ ಅಡ್ಡ ನಿಲ್ತೇನಿ.”

ಸಿದ್ದರಾಯಣ್ಣ ಎಡಗೈಯಿಂದ ಫೋನ್ ತಗದ. ಹೊರಗ ಹೆಣ್ಮಕ್ಕಳು ಉಂಡು ಎದ್ದಿದ್ರು, ಕೆಲಸ ಶುರುವಾಗೋ ಹೊತ್ತು. ಇಳೀತೇನಿ ಅಂತ ತಿಪ್ಪವ್ವ ಅನ್ನಲಿಲ್ಲ. ಕಣ್ಣು ಮುಚ್ಚಿ, ಕೈ ಸಡಲ ಬಿಟ್ಟು, ಎಷ್ಟೋ ವರ್ಷದ ದಣಿವೆಲ್ಲಾ ಆ ಹೆಗಲ ಮ್ಯಾಲೆ ಇಟ್ಟು ಕುಂತಿದ್ಲು. ಭಾಗ್ಯಜ್ಯೋತಿ ಹಣಿಮ್ಯಾಗಿನ ಬೆವರು ಗದ್ದಕ್ಕ ಇಳದಿತ್ತು. ಅಕಿ ‘ಇಳಿ’ ಅನ್ನೂದನ್ನ ನಾವು ಕಾಯಕೋತ ನಿಂತ್ವಿ. ಅಕಿ ಅನ್ನಲಿಲ್ಲ.